ಅನುಮಾನದ ಹೊರೆ ಯಾರ ತಲೆಯ ಮೇಲೆ?

ಹಳೆಯ ಪತ್ರಿಕೆಗಳ ಸಂಪುಟ ಕೈಗೆ ಸಿಕ್ಕರೆ ನಾನು ಅದನ್ನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ. ಸಂಪಾದಕೀಯ, ಕವಿತೆ, ಗಂಭೀರ ಲೇಖನಗಳೆಲ್ಲ ಆಮೇಲೆ. ಮೊದಲು ಕೊನೆಯ ಪುಟಗಳ ಜಾಹೀರಾತು. ತಲೆನೋವಿನ ಮುಲಾಮು, ಕೂದಲಿಗೆ ಹಚ್ಚುವ ಎಣ್ಣೆ, ಹಲ್ಲುಪುಡಿ, ಗಡಿಯಾರ, ಪಂಚಾಂಗ, ಕಾದಂಬರಿ. ಒಂದು ಕಾಲದ ಜನ ಏನನ್ನು ಯೋಚಿಸುತ್ತಿದ್ದರು ಎಂಬುದು ಒಳಗಿನ ಲೇಖನಗಳಿಂದ ತಿಳಿಯುತ್ತದೆ. ಅವರು ಯಾವುದನ್ನು ನಂಬುತ್ತಿದ್ದರು, ಯಾವುದನ್ನು ನಂಬಲು ಹಿಂಜರಿಯುತ್ತಿದ್ದರು ಎಂಬುದು ತಿಳಿಯಬೇಕಾದರೆ ಈ ಕೊನೆಯ ಪುಟಗಳಿಗೇ ಬರಬೇಕು.

ಆ ಪುಟಗಳಲ್ಲಿ ಕಾಣುವವರಲ್ಲಿ ಹೆಚ್ಚಿನವರು ಸಣ್ಣ ವ್ಯಾಪಾರಿಗಳು. ಒಂದು ಕೋಣೆ, ಒಂದು ಒಲೆ, ಮನೆಮಂದಿಯ ದುಡಿಮೆ, ಸಾಲ ತಂದ ಬಂಡವಾಳ. ಅವರಲ್ಲಿ ಬಹಳಷ್ಟು ಜನ ಎರಡು ಮೂರು ವರ್ಷ ಕಾಣಿಸಿಕೊಂಡು ಮಾಯವಾಗುತ್ತಾರೆ. ಕೆಲವರು ಮಾತ್ರ ನೂರು ವರ್ಷ ದಾಟಿ ಇವತ್ತಿನ ಅಂಗಡಿಯ ಕಪಾಟಿನವರೆಗೆ ಬಂದು ನಿಂತಿದ್ದಾರೆ. ಹಣವಿದ್ದವರು ಉಳಿದರು, ಇಲ್ಲದವರು ಅಳಿದರು ಎಂದುಬಿಡುವುದು ಸುಲಭ. ಆದರೆ ಉಳಿದವರ ಆರಂಭವನ್ನು ನೋಡಿದರೆ ಅವರ ಬಳಿಯೂ ಹಣವಿರಲಿಲ್ಲ. ಹಾಗಾದರೆ ಅವರ ಮಾತನ್ನು ಜನ ನಂಬಿದ್ದು ಯಾಕೆ? ಈ ಪ್ರಶ್ನೆಗೆ ಕೆಲವು ಉದಾಹರಣೆಗಳ ಮೂಲಕ ಉತ್ತರ ಹುಡುಕುವ ಪ್ರಯತ್ನ ಇದು.

ಜಾಹೀರಾತಿನ ಬಗ್ಗೆ ಬಂದ ಹಳೆಯ, ಚುರುಕಾದ ಬರಹಗಳಲ್ಲಿ ಒಂದು ಸಾಮ್ಯುಯೆಲ್ ಜಾನ್ಸನ್ನನದು. ಇಂಗ್ಲಿಷ್ ನಿಘಂಟು ಮಾಡಿದ ಅದೇ ಜಾನ್ಸನ್ 1759ರ ಜನವರಿಯಲ್ಲಿ ‘ದಿ ಐಡ್ಲರ್’ ಅಂಕಣದಲ್ಲಿ ಲಂಡನ್ನಿನ ಪತ್ರಿಕೆಗಳ ಜಾಹೀರಾತುಗಳನ್ನು ಗೇಲಿ ಮಾಡಿದ. ಜಾಹೀರಾತುಗಳು ವಿಪರೀತ ಹೆಚ್ಚಿ ಜನ ಅವನ್ನು ಅರೆಗಣ್ಣಿನಿಂದ ನೋಡುವ ಹಾಗಾಗಿದೆ, ಆದ್ದರಿಂದ ಗಮನ ಸೆಳೆಯಲು ದೊಡ್ಡ ದೊಡ್ಡ ಭರವಸೆ ಕೊಡುವುದು ಅನಿವಾರ್ಯವಾಗಿದೆ ಎಂಬುದು ಅವನ ಮಾತಿನ ಸಾರ. ಹಲ್ಲು ಬರುವ ಮಕ್ಕಳ ಕೊರಳಿಗೆ ಕಟ್ಟುವ ಒಂದು ಸರದ ಜಾಹೀರಾತನ್ನು ಅವನು ನೆನೆಯುತ್ತಾನೆ. ಸರ ಕಟ್ಟದೆ ಮಗು ತೀರಿಕೊಂಡರೆ ನೀನು ನಿನ್ನನ್ನೇ ಎಂದೂ ಕ್ಷಮಿಸಿಕೊಳ್ಳಲಾರೆ ಎಂದು ಆ ವ್ಯಾಪಾರಿ ತಾಯಂದಿರನ್ನು ಎಚ್ಚರಿಸುತ್ತಿದ್ದನಂತೆ. ಆ ವ್ಯಾಪಾರಿಯ ‘ಮಮತೆ’ಯನ್ನು ಜಾನ್ಸನ್ ಗಂಭೀರ ಮುಖ ಮಾಡಿಕೊಂಡೇ ಹೊಗಳುತ್ತಾನೆ.

ಇದನ್ನು ಓದಿ ನಗು ಬರುತ್ತದೆ, ಆಮೇಲೆ ಬೇಸರವಾಗುತ್ತದೆ. ಯಾಕೆಂದರೆ ನಮ್ಮ ಹಳೆಯ ಪತ್ರಿಕೆಗಳಲ್ಲೂ ಇಂಥ ಮಮತೆಗೆ ಬರವಿಲ್ಲ. ಎಲ್ಲ ರೋಗಕ್ಕೂ ಒಂದೇ ಗುಳಿಗೆ, ವಶೀಕರಣದ ಉಂಗುರ, ಬಂಜೆತನ ಕಳೆಯುವ ತಾಯಿತ. ಸ್ವಾತಂತ್ರ್ಯ ಬಂದ ಮೇಲೆ 1954ರಲ್ಲಿ ಸಂಸತ್ತು ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ವಿರುದ್ಧ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಕೆಲವು ಕಾಯಿಲೆಗಳ ಹೆಸರು ಹೇಳಿ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನೂ, ತಾಯಿತ ಮಂತ್ರಗಳ ಶಕ್ತಿಯನ್ನು ಪ್ರಚಾರ ಮಾಡುವುದನ್ನೂ ಅದು ನಿಷೇಧಿಸಿತು.

ಈ ಸುಳ್ಳಿನ ಸಂತೆಯಲ್ಲಿ ಮೋಸಹೋದ ರೋಗಿಯ ನಷ್ಟ ಎಲ್ಲರಿಗೂ ಕಾಣುತ್ತದೆ. ಅದೇ ಪುಟದ ಪಕ್ಕದ ಅಂಕಣದಲ್ಲಿದ್ದ ಪ್ರಾಮಾಣಿಕ ವ್ಯಾಪಾರಿಯ ನಷ್ಟ ಕಾಣುವುದಿಲ್ಲ. ಅವನ ಮುಲಾಮು ನಿಜಕ್ಕೂ ತಲೆನೋವು ಇಳಿಸುತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಅದನ್ನು ಹೇಳುವುದಾದರೂ ಹೇಗೆ? ‘ಉತ್ತಮ’, ‘ಪರಿಣಾಮಕಾರಿ’, ‘ನಂಬಿಕೆಗೆ ಅರ್ಹ’ ಎಂಬ ಮಾತುಗಳನ್ನೆಲ್ಲ ಸುಳ್ಳುಗಾರರು ಮೊದಲೇ ಬಳಸಿ ಸವೆಸಿಬಿಟ್ಟಿದ್ದಾರೆ. ದೊಡ್ಡ ಬಂಡವಾಳದವರಾದರೆ ಒಂದೇ ಮಾತನ್ನು ವರ್ಷಗಟ್ಟಲೆ ಕಿವಿಗೆ ಬೀಳಿಸಿ ಅಭ್ಯಾಸ ಮಾಡಿಸಬಲ್ಲರು. ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಚಾರ ಅದಕ್ಕೆ ಒಳ್ಳೆಯ ಉದಾಹರಣೆ. ಟ್ರಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಅದರ ಹೆಸರು ಮೂಡಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೇ ನಡೆಯಿತು. ಅದರ ಹಿಂದೆ ಮೈಸೂರು ಸಂಸ್ಥಾನದ ಬೊಕ್ಕಸವಿತ್ತು, ಗಂಧದ ಕಾಡುಗಳಿದ್ದವು. ಒಂದು ಕೋಣೆಯ ವ್ಯಾಪಾರಿ ಅದನ್ನು ನೋಡಿ ತಾನೂ ಒಂಟೆ ಬಾಡಿಗೆಗೆ ತಂದರೆ ಮುಲಾಮಿನ ಜೊತೆ ಮನೆಯನ್ನೂ ಮಾರಬೇಕಾಗುತ್ತದೆ. ಅವನಿಗೆ ಬೇರೆ ದಾರಿ ಬೇಕು.

ಆ ದಾರಿ ಹುಡುಕಿದವರಲ್ಲಿ ನನಗೆ ಮೊದಲು ನೆನಪಾಗುವವರು ಕಾಶೀನಾಥುನಿ ನಾಗೇಶ್ವರರಾವ್. ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ 1867ರಲ್ಲಿ ಹುಟ್ಟಿದ ಇವರು ಮುಂಬಯಿಗೆ ಹೋಗಿ 1893ರಲ್ಲಿ ಒಂದು ನೋವಿನ ಮುಲಾಮು ತಯಾರಿಸಿ ಮಾರತೊಡಗಿದರು. ಅದೇ ಅಮೃತಾಂಜನ. ಆಗ ಅದರ ಬೆಲೆ ಹತ್ತಾಣೆ. ಅಂದಿನ ಲೆಕ್ಕಕ್ಕೆ ಅದು ಕಡಿಮೆ ದುಡ್ಡಲ್ಲ. ಹೆಸರು ಕೇಳದ ಮುಲಾಮಿಗೆ ಹತ್ತಾಣೆ ಕೊಡಲು ಜನ ಯೋಚಿಸದೆ ಇರುತ್ತಾರೆಯೇ? ನಾಗೇಶ್ವರರಾವ್ ಸಂಗೀತ ಕಚೇರಿಗಳಿಗೆ ಹೋಗಿ ಮುಲಾಮನ್ನು ಪುಕ್ಕಟೆಯಾಗಿ ಹಂಚಿದರು.

ಪುಕ್ಕಟೆ ಹಂಚುವುದು ಹೊಸ ಉಪಾಯವೇನಲ್ಲ. ಸಂತೆಯಲ್ಲಿ ಮಾವು ಮಾರುವವಳು ಒಂದು ಹೋಳು ಕೊಯ್ದು ಕೈಗಿಡುವುದೂ ಅದೇ. ಆದರೆ ಹಂಚಲು ಅವರು ಆರಿಸಿಕೊಂಡ ಜಾಗವನ್ನು ನೋಡಿ. ಕಚೇರಿಗೆ ಬಂದವರು ಗಂಟೆಗಟ್ಟಲೆ ಒಂದೇ ಕಡೆ ಕೂತಿರುತ್ತಾರೆ, ಎದ್ದು ಹೋಗುವ ಅವಸರವಿಲ್ಲ. ದಿನದ ದಣಿವು, ಸೆಕೆ, ಜನಸಂದಣಿ ಎಲ್ಲ ಸೇರಿ ಹಲವರಿಗೆ ತಲೆ ಭಾರವಾಗಿರುತ್ತದೆ. ಹಣೆಗೆ ಹಚ್ಚಿಕೊಂಡ ಮುಲಾಮು ಕೆಲಸ ಮಾಡಿತೋ ಇಲ್ಲವೋ ಎಂಬುದು ಕಚೇರಿ ಮುಗಿಯುವುದರೊಳಗೆ ಅವರಿಗೇ ತಿಳಿಯುತ್ತದೆ. ಅದರ ಗಾಢವಾದ ವಾಸನೆ ಪಕ್ಕದವರ ಮೂಗಿಗೂ ಬಡಿದು, ಅವರು ‘ಅದೇನು ಹಚ್ಚಿದಿರಿ?’ ಎಂದು ಕೇಳುತ್ತಾರೆ. ಇನ್ನು ಉತ್ತರ ಹೇಳುವವನು ವ್ಯಾಪಾರಿಯಲ್ಲ, ಅದೇ ಜಮಖಾನೆಯ ಮೇಲೆ ಕೂತ ರಸಿಕ. ಕಚೇರಿಗೆ ಬರುವವರಲ್ಲಿ ಹತ್ತಾಣೆ ಕೊಡಬಲ್ಲವರೂ ಇದ್ದರು ಎಂಬುದನ್ನು ಮರೆಯಬಾರದು. ಹೀಗೆ ಒಂದು ಡಬ್ಬಿ ಮುಲಾಮಿನಲ್ಲಿ ಮಾಲಿನ ಪರೀಕ್ಷೆಯೂ ಆಯಿತು, ಪರೀಕ್ಷೆಗೆ ಸಾಕ್ಷಿಗಳೂ ಸಿಕ್ಕರು, ಆ ಸಾಕ್ಷಿಗಳು ಮನೆಗೆ ಹೋಗಿ ಮಾತಾಡಿದರು.

ಇಲ್ಲೊಂದು ಷರತ್ತಿದೆ. ಮುಲಾಮಿನಲ್ಲಿ ಸತ್ವವಿಲ್ಲದಿದ್ದರೆ ಇದೇ ಉಪಾಯ ವ್ಯಾಪಾರಿಯನ್ನು ಒಂದೇ ರಾತ್ರಿಯಲ್ಲಿ ಮುಳುಗಿಸುತ್ತಿತ್ತು. ‘ಏನೂ ಆಗಲಿಲ್ಲ’ ಎಂಬ ಮಾತೂ ಅಷ್ಟೇ ವೇಗವಾಗಿ ಜಮಖಾನೆಯಿಂದ ಜಮಖಾನೆಗೆ ಹೋಗುತ್ತದೆ. ಆದ್ದರಿಂದಲೇ ತಾಯಿತ ಮಾರುವವನು ಮಾದರಿ ಹಂಚುವುದಿಲ್ಲ. ಜಾಹೀರಾತಿನ ಮಾತನ್ನು ಯಾರು ಬೇಕಾದರೂ ಆಡಬಹುದು, ಮಾದರಿ ಹಂಚಲು ತನ್ನ ಮಾಲಿನ ಮೇಲೆ ಧೈರ್ಯ ಬೇಕು.

ಕಚೇರಿಯಲ್ಲಿ ಹಂಚಿದ ಆ ಮುಲಾಮಿನ ಲಾಭ ಎಲ್ಲಿಗೆ ಹೋಯಿತೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ನಾಗೇಶ್ವರರಾವ್ 1908ರಲ್ಲಿ ಮುಂಬಯಿಯಲ್ಲೇ ‘ಆಂಧ್ರಪತ್ರಿಕೆ’ ಎಂಬ ತೆಲುಗು ವಾರಪತ್ರಿಕೆ ತೆಗೆದರು. 1914ರಲ್ಲಿ ಅದು ಮದರಾಸಿನಲ್ಲಿ ದಿನಪತ್ರಿಕೆಯಾಯಿತು. 1924ರಲ್ಲಿ ‘ಭಾರತಿ’ ಎಂಬ ಸಾಹಿತ್ಯ ಮಾಸಿಕ ಬಂತು. ಉಪ್ಪಿನ ಸತ್ಯಾಗ್ರಹದಲ್ಲೂ ಅವರು ಮುಂದಿದ್ದರು. ಆಧುನಿಕ ತೆಲುಗು ಸಾಹಿತ್ಯದ ಒಂದು ದೊಡ್ಡ ಪಾಲು ತಲೆನೋವಿನ ಮುಲಾಮಿನ ಋಣದಲ್ಲಿದೆ ಎಂದರೆ ಅದು ಬರೀ ತಮಾಷೆಯಲ್ಲ.

ಸಭೆಗೆ ಬರುವ ಪಟ್ಟಣಿಗರಿಗೆ ಮಾದರಿ ಹಂಚಬಹುದು. ದೂರದ ಹಳ್ಳಿಯಲ್ಲಿ ಕೂತು ಪತ್ರಿಕೆ ಓದುವವರನ್ನು ಮುಟ್ಟುವುದು ಹೇಗೆ? ಇಲ್ಲಿ ಸಣ್ಣ ವ್ಯಾಪಾರಿಯ ನೆರವಿಗೆ ಬಂದದ್ದು ಅಂಚೆ ಇಲಾಖೆ. 1877ರಲ್ಲಿ ಭಾರತದ ಅಂಚೆಯಲ್ಲಿ ವ್ಯಾಲ್ಯೂ ಪೇಯಬಲ್ ಪದ್ಧತಿ ಬಂತು. ನಮ್ಮ ಅಜ್ಜಂದಿರ ಬಾಯಲ್ಲಿ ಅದು ‘ವಿ.ಪಿ.’. ಎರಡು ವರ್ಷಗಳ ನಂತರ 1879ರಲ್ಲಿ ಕಾಲಾಣೆಯ ಪೋಸ್ಟ್‌ಕಾರ್ಡ್ ಬಂತು. ಇವೆರಡೂ ಸೇರಿ ಮಾಡಿದ ಕೆಲಸ ದೊಡ್ಡದು. ಓದುಗ ಕಾಲಾಣೆಯ ಕಾರ್ಡಿನಲ್ಲಿ ‘ಇಂಥ ಪುಸ್ತಕ ವಿ.ಪಿ. ಮೂಲಕ ಕಳಿಸಿ’ ಎಂದು ಬರೆದರೆ ಸಾಕು. ಪೋಸ್ಟ್‌ಮ್ಯಾನ್ ಕಟ್ಟು ತಂದು, ಹಣ ಪಡೆದು, ಕಟ್ಟು ಕೊಟ್ಟು ಹೋಗುತ್ತಾನೆ. ಹಣ ಅಂಚೆಯ ಮೂಲಕವೇ ವ್ಯಾಪಾರಿಗೆ ತಲುಪುತ್ತದೆ. ಇವತ್ತು ನಾವು ಫೋನಿನಲ್ಲಿ ಸಾಮಾನು ಆರಿಸಿ ‘ಕ್ಯಾಶ್ ಆನ್ ಡೆಲಿವರಿ’ ಎಂಬುದನ್ನು ಒತ್ತುವಾಗ ಆ ಹಳೆಯ ವಿ.ಪಿ.ಯನ್ನೇ ಮತ್ತೆ ಮಾಡುತ್ತಿದ್ದೇವೆ.

ಹಳೆಯ ಜಾಹೀರಾತುಗಳ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ವಿ.ಪಿ. ಎಂಬ ಎರಡಕ್ಷರಕ್ಕೆ ನಾನು ಮೇಲಿನ ದೊಡ್ಡಕ್ಷರದ ಹೊಗಳಿಕೆಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಮೊದಲು ಹಣ ಕಳಿಸು, ಆಮೇಲೆ ನೋಡೋಣ ಎನ್ನುವವನಿಗೂ, ಮಾಲು ನಿನ್ನ ಬಾಗಿಲಿಗೆ ಬಂದಾಗ ಹಣ ಕೊಡು ಎನ್ನುವವನಿಗೂ ಬಹಳ ವ್ಯತ್ಯಾಸವಿದೆ. ವಿ.ಪಿ.ಯಲ್ಲಿ ಕಳಿಸಿದ ಕಟ್ಟನ್ನು ಕೊಳ್ಳುವವನು ಬೇಡವೆಂದರೆ ಅದು ವಾಪಸು ಬರುತ್ತದೆ. ಹೋಗಿ ಬಂದ ಖರ್ಚು, ಮೂಲೆ ಮಡಚಿದ ಪುಸ್ತಕ ಎರಡೂ ಕಳಿಸಿದವನ ಪಾಲು. ಅಂದರೆ ಅವನು ಆ ನಷ್ಟಕ್ಕೆ ಸಿದ್ಧನಾಗಿಯೇ ಕಳಿಸುತ್ತಿದ್ದ. ಹಾಗೆಂದು ಇದು ಪೂರ್ತಿ ಪರಿಹಾರವೂ ಆಗಿರಲಿಲ್ಲ. ಹಣ ಕೊಡಬೇಕಾದದ್ದು ಕಟ್ಟು ಬಿಚ್ಚುವ ಮೊದಲು. ಒಳಗೆ ಏನಿದೆ ಎಂಬ ಅನುಮಾನ ಕೊನೆಯ ಗಳಿಗೆಯವರೆಗೂ ಉಳಿಯುತ್ತಿತ್ತು. ಅರ್ಧ ಅನುಮಾನ ಕಳೆಯಿತು, ಅಷ್ಟೇ. ಆದರೂ ಆ ಅರ್ಧದ ಮೇಲೆ ಎಷ್ಟೋ ಸಣ್ಣ ಪ್ರಕಾಶಕರು ಬದುಕಿದರು.

ಮುಲಾಮನ್ನು ಹಚ್ಚಿ ನೋಡಬಹುದು, ಪುಸ್ತಕವನ್ನು ತಿರುವಿ ನೋಡಬಹುದು. ಹೋಟೆಲಿನ ಊಟದ ವಿಷಯ ಬೇರೆ. ರುಚಿ ನಾಲಗೆಗೆ ತಿಳಿಯುತ್ತದೆ, ಅಡುಗೆಮನೆಯ ಶುಚಿ ತಿಳಿಯುವುದಿಲ್ಲ. ಈ ಅನುಮಾನವನ್ನು ನಮ್ಮ ಸಮಾಜ ಬಹಳ ಕಾಲ ಜಾತಿಯ ಮೂಲಕ ಪರಿಹರಿಸಿಕೊಂಡಿತು. 1924ರಲ್ಲಿ ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ ತೆರೆದ ಪುಟ್ಟ ಹೋಟೆಲಿನ ಹೆಸರು ‘ಬ್ರಾಹ್ಮಣರ ಕಾಫಿ ಕ್ಲಬ್’. ಆ ಕಾಲದಲ್ಲಿ ಇಂಥ ಹೆಸರುಗಳು ಊರೂರಲ್ಲಿ ಇದ್ದವು. ಹೆಸರೇ ಜಾಹೀರಾತು. ಒಳಗೆ ಯಾರು ಅಡುಗೆ ಮಾಡುತ್ತಾರೆ ಎಂಬುದನ್ನು ಫಲಕವೇ ಹೇಳುತ್ತಿತ್ತು. ಅದು ಕೆಲವರನ್ನು ಒಳಗೆ ಕರೆಯುತ್ತಿತ್ತು. ಹಲವರಿಗೆ ಬಾಗಿಲಲ್ಲೇ ನಿಲ್ಲಬೇಕಾದ ಜಾಗವನ್ನೂ ತೋರಿಸುತ್ತಿತ್ತು. ವ್ಯಾಪಾರದ ನಂಬಿಕೆ ಎಲ್ಲೆಲ್ಲಿಂದ ಸಾಲ ತರಲಾಗಿದೆ ಎಂಬ ಲೆಕ್ಕದಲ್ಲಿ ಈ ಪುಟವನ್ನು ಹರಿದು ಹಾಕಿ ಮುಂದೆ ಹೋಗುವಂತಿಲ್ಲ.

ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ಬಗೆಯನ್ನು ನೋಡಿ ಬಂದರು. ಅವರ ಮನಸ್ಸಿಗೆ ಹಿಡಿದದ್ದು ಅಲ್ಲಿನ ಸ್ವಚ್ಛತೆ. ಪಾತ್ರೆಗಳನ್ನು ಬಿಸಿಹಬೆಯಲ್ಲಿ ತೊಳೆದು ಶುದ್ಧ ಮಾಡುವಂಥ ಕ್ರಮಗಳನ್ನು ಇಲ್ಲಿಗೂ ತಂದರು. 1960ರಲ್ಲಿ ಹೋಟೆಲಿನ ಹೆಸರು ‘ಮಾವಳ್ಳಿ ಟಿಫನ್ ರೂಮ್ಸ್’ ಎಂದಾಯಿತು. ನಮಗೆಲ್ಲ ಗೊತ್ತಿರುವ ಎಂ.ಟಿ.ಆರ್. ಅಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣಬಹುದಾಗಿತ್ತು.

ಈ ಹೆಸರಿನ ಬದಲಾವಣೆಯನ್ನು ನಾನು ಹೀಗೆ ಓದುತ್ತೇನೆ. ಇವೆರಡು ಹೆಸರುಗಳ ನಡುವೆ ಸಂವಿಧಾನ ಬಂದಿದೆ. ಹೋಟೆಲು, ಅಂಗಡಿಗಳಿಗೆ ಹೋಗಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಅದರ 15ನೇ ವಿಧಿ ಹೇಳಿದೆ. ಬೆಂಗಳೂರಿನ ಜನಸಂಖ್ಯೆಯೂ ಬೇರೆಯಾಗಿದೆ. ಈಗ ಹೋಟೆಲಿನ ಶುಚಿಗೆ ಸಾಕ್ಷಿಯಾಗಿ ಅಡುಗೆಯವನ ಹುಟ್ಟನ್ನು ತೋರಿಸಿದರೆ ಸಾಲದು, ಪಾತ್ರೆ ತೊಳೆಯುವ ಜಾಗವನ್ನು ತೋರಿಸಬೇಕು. ಮಾವಳ್ಳಿ ಎಂಬುದು ಎಲ್ಲರೂ ನಡೆದುಹೋಗಬಹುದಾದ ಒಂದು ಬಡಾವಣೆಯ ಹೆಸರು. ತೆರೆದ ಅಡುಗೆಮನೆ ಎಲ್ಲರ ಕಣ್ಣಿಗೂ ಒಂದೇ ಸಾಕ್ಷ್ಯ ಕೊಡುತ್ತದೆ. ಒಳ್ಳೆಯ ಜಾಹೀರಾತು ಜನರ ಅನುಮಾನಕ್ಕೆ ಉತ್ತರ ಕೊಡುತ್ತದೆ ಎನ್ನುವುದಾದರೆ, ಯಾರ ಅನುಮಾನಕ್ಕೆ ಎಂಬ ಪ್ರಶ್ನೆಯನ್ನೂ ಕೇಳಬೇಕು.

ಎಂ.ಟಿ.ಆರ್. ಕಥೆಯಲ್ಲಿ ಇನ್ನೊಂದು ಪ್ರಸಂಗವಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಯನ್ನು ಸರ್ಕಾರ ತೀರಾ ಕೆಳಕ್ಕೆ ಇಳಿಸಿತು. ಆ ಬೆಲೆಗೆ ಮಾರಬೇಕಾದರೆ ತುಪ್ಪ, ಬೇಳೆ, ಕಾಫಿಪುಡಿಯ ಗುಣಮಟ್ಟ ಇಳಿಸಬೇಕಾಗಿತ್ತು. ಹಾಗೆ ಮಾಡದೆ ಕೆಲವು ದಿನ ನಷ್ಟಕ್ಕೇ ಮಾರಿ, ಪ್ರತಿದಿನದ ನಷ್ಟ ಎಷ್ಟೆಂದು ಬಾಗಿಲಲ್ಲಿ ಫಲಕ ಹಾಕಿದರೆಂದು ಆ ಹೋಟೆಲಿನ ಚರಿತ್ರೆ ಹೇಳುವವರು ನೆನೆಯುತ್ತಾರೆ. ಕೊನೆಗೆ ಹೋಟೆಲು ಮುಚ್ಚಿ, ಸಿದ್ಧ ಪುಡಿ, ಮಿಶ್ರಣಗಳ ಮಾರಾಟಕ್ಕೆ ಇಳಿದರು. ಹೋಟೆಲು ಮತ್ತೆ ತೆರೆದದ್ದು ವರ್ಷಗಳ ನಂತರ. ಅಷ್ಟು ವರ್ಷ ತೆರೆದಿಟ್ಟ ಅಡುಗೆಮನೆಯನ್ನು ನೋಡಿದ್ದ ಜನ ಪೊಟ್ಟಣದೊಳಗಿನ ಪುಡಿಯನ್ನು ನೋಡದೆಯೇ ನಂಬಿದರು. ಹೋಟೆಲಿನಲ್ಲಿ ಕೂಡಿಟ್ಟ ನಂಬಿಕೆ ಕಿರಾಣಿ ಅಂಗಡಿಯಲ್ಲಿ ಖರ್ಚಿಗೆ ಬಂತು.

ಇನ್ನು ಕೆಲವರಿಗೆ ಹೀಗೆ ತಮ್ಮದೇ ಹೆಸರು ಕಟ್ಟಿಕೊಳ್ಳುವಷ್ಟೂ ಅನುಕೂಲವಿರುವುದಿಲ್ಲ. ಅವರಿಗೆ ಊರಿನ ಹೆಸರೇ ಬಂಡವಾಳ. ನಂಜನಗೂಡು ಹಲ್ಲುಪುಡಿ, ಇಳಕಲ್ ಸೀರೆ, ಬ್ಯಾಡಗಿ ಮೆಣಸಿನಕಾಯಿ, ಚನ್ನಪಟ್ಟಣದ ಗೊಂಬೆ. ಇಳಕಲ್ಲಿನ ನೇಕಾರ ಯಾವ ಪತ್ರಿಕೆಯಲ್ಲೂ ಜಾಹೀರಾತು ಕೊಟ್ಟವನಲ್ಲ. ಅವನ ಮುತ್ತಜ್ಜಂದಿರು ನೇಯ್ದ ಒಳ್ಳೆಯ ಸೀರೆಗಳೇ ಅವನ ಪರವಾಗಿ ಮಾತಾಡುತ್ತವೆ.

ಧಾರವಾಡದ ಪೇಡಾ ಇದರಲ್ಲಿ ಸ್ವಾರಸ್ಯದ ಪ್ರಕರಣ. ಪ್ಲೇಗಿಗೆ ಅಂಜಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದ ಕೈಯಲ್ಲಿ ಅದು ಹುಟ್ಟಿತು. ಹೊರಗಿನಿಂದ ಬಂದವರು ಮಾಡಿದ ತಿನಿಸು ಈ ಊರಿನ ಗುರುತಾಯಿತು. ಲೈನ್ ಬಜಾರಿನ ಹಳೆಯ ಅಂಗಡಿಯ ಮುಂದೆ ನಿಲ್ಲುತ್ತಿದ್ದ ಜನರ ಸಾಲಿನಷ್ಟು ಪರಿಣಾಮಕಾರಿಯಾದ ಜಾಹೀರಾತನ್ನು ಯಾವ ಕಲಾವಿದನೂ ಬರೆಯಲಾರ. ದಾರಿಯಲ್ಲಿ ಹೋಗುವವನಿಗೆ ಆ ಸಾಲು ಎರಡು ಸಂಗತಿ ಹೇಳುತ್ತದೆ: ಇಷ್ಟು ಜನ ಮೋಸಹೋಗಲು ಕಾಯುತ್ತಿರಲಾರರು, ಮತ್ತು ಹಳಸಿದ ಮಾಲು ಇಲ್ಲಿ ಉಳಿಯಲು ಸಾಧ್ಯವಿಲ್ಲ. ಮುಂದೆ ಮಿಶ್ರಾ ಮನೆತನದವರು ಅದೇ ಪೇಡಾವನ್ನು ಪೊಟ್ಟಣ ಕಟ್ಟಿ ಊರೂರಿಗೆ ಮುಟ್ಟಿಸಿದರು. ಒಬ್ಬರು ಗಿರಾಕಿ ಬರಲಿ ಎಂದು ಕಾದರು, ಇನ್ನೊಬ್ಬರು ಗಿರಾಕಿ ಇದ್ದಲ್ಲಿಗೆ ಹೋದರು. ಎರಡೂ ಫಲಿಸಿತು, ಯಾಕೆಂದರೆ ಎರಡರ ಹಿಂದೆಯೂ ಧಾರವಾಡ ಎಂಬ ಹೆಸರಿತ್ತು.

ಆದರೆ ಊರಿನ ಹೆಸರು ಊರಬಾವಿಯ ಹಾಗೆ. ಎಲ್ಲರೂ ನೀರು ಸೇದಬಹುದು, ಒಬ್ಬ ಕೆಡಿಸಿದರೆ ಎಲ್ಲರಿಗೂ ಕೆಟ್ಟಿತು. ಎಲ್ಲೋ ಮಾಡಿದ ಯಂತ್ರದ ಸೀರೆಗೆ ಇಳಕಲ್ ಎಂಬ ಚೀಟಿ ಅಂಟಿಸಿದರೆ ಮುಂದಿನ ಸಲ ಕೊಳ್ಳುವವಳು ನಿಜವಾದ ನೇಕಾರನನ್ನೂ ನಂಬುವುದಿಲ್ಲ. ಭೌಗೋಳಿಕ ಸೂಚಕಗಳ ಕಾಯ್ದೆ 1999ರಲ್ಲಿ ಆಗಿ 2003ರಲ್ಲಿ ಜಾರಿಗೆ ಬಂದದ್ದು ಈ ಬಾವಿಗೆ ಕಟ್ಟೆ ಕಟ್ಟಲು. ಚನ್ನಪಟ್ಟಣದ ಗೊಂಬೆ, ಧಾರವಾಡದ ಪೇಡಾ, ಇಳಕಲ್ ಸೀರೆ ಎಲ್ಲ ಆ ಪಟ್ಟಿಗೆ ಸೇರಿವೆ. ಕಟ್ಟೆ ಇದ್ದರೆ ಸಾಲದು, ಕಾಯುವವರೂ ಬೇಕು ಎಂಬುದು ಬೇರೆ ಮಾತು.

ಕೊನೆಗೆ ನಮ್ಮದೇ ಮನೆಯ ವ್ಯಾಪಾರಕ್ಕೆ ಬರುತ್ತೇನೆ. ಸಾಹಿತ್ಯದವರು ಒಪ್ಪಲಿ ಬಿಡಲಿ, ಪುಸ್ತಕ ಪ್ರಕಟಣೆ ಒಂದು ಸಣ್ಣ ಉದ್ಯಮ; ಕನ್ನಡದಲ್ಲಂತೂ ಬಹಳ ಸಣ್ಣದು. ಅದರ ಮಾರಾಟದ ಚರಿತ್ರೆಯಲ್ಲಿ ಮೊದಲು ಹೇಳಬೇಕಾದ ಹೆಸರು ಗಳಗನಾಥರದು. ಹಾವೇರಿ ಸೀಮೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಶಾಲಾ ಮಾಸ್ತರರಾಗಿದ್ದವರು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ‘ಮಾಧವ ಕರುಣಾ ವಿಲಾಸ’ದಂಥ ಕಾದಂಬರಿ ಬರೆದರು, ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನಡೆಸಿದರು. ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು.

ಈ ಕೊನೆಯ ಸಂಗತಿಯನ್ನು ನಾವು ಸಾಮಾನ್ಯವಾಗಿ ತ್ಯಾಗದ ಕಥೆಯಾಗಿ ಹೇಳುತ್ತೇವೆ. ಕನ್ನಡಕ್ಕಾಗಿ ಕಷ್ಟಪಟ್ಟ ಮಹಾನುಭಾವ ಎಂದು ಕೈಮುಗಿದು ಮುಗಿಸುತ್ತೇವೆ. ಅವರು ಕಷ್ಟಪಟ್ಟದ್ದು ನಿಜ. ಆದರೆ ಅವರ ಎದುರಿದ್ದ ಸಮಸ್ಯೆಯನ್ನು ವ್ಯಾಪಾರಿಯ ಕಣ್ಣಿನಿಂದಲೂ ನೋಡಬೇಕು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಸೀಮೆಯಲ್ಲಿ ಓದುಬಲ್ಲವರು ಮರಾಠಿಯ ಕಡೆ ವಾಲಿದ್ದರು. ಕನ್ನಡದಲ್ಲಿ ಕಾದಂಬರಿ ಎಂಬುದೇ ಹೊಸ ಸರಕು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಅದನ್ನು ನೋಡುವವನು ಈಗಾಗಲೇ ಓದುಗನಾಗಿರಬೇಕು. ಗಳಗನಾಥರಿಗೆ ಬೇಕಾಗಿದ್ದವನು ಇನ್ನೂ ಓದುಗನಾಗಿರದವನು. ಅವನ ಅನುಮಾನಗಳು ಬೇರೆ: ಇದು ನನಗೆ ಅರ್ಥವಾಗುತ್ತದೆಯೇ? ಮನೆಯ ಹೆಂಗಸರು ಮಕ್ಕಳ ಎದುರು ಓದಬಹುದೇ? ಕನ್ನಡದಲ್ಲಿ ಇಷ್ಟು ದಪ್ಪ ಪುಸ್ತಕ ಓದಿ ಮುಗಿಸಬಹುದೇ? ಇಂಥ ಪ್ರಶ್ನೆಗಳಿಗೆ ಕರಪತ್ರ ಉತ್ತರ ಹೇಳಲಾರದು. ಬಿಸಿಲಲ್ಲಿ ನಡೆದು ಬಂದು, ಜಗಲಿಯ ಮೇಲೆ ಗಂಟು ಇಳಿಸಿ, ನೀರು ಕೇಳಿ ಕುಡಿದು ಕೂತ ಮಾಸ್ತರರು ಹೇಳಬಲ್ಲರು. ಬರೆದವರೇ ಎದುರಿಗೆ ಕೂತಿದ್ದರೆ ಪುಸ್ತಕದ ಹೊಣೆ ಯಾರದೆಂದು ಬೇರೆ ಕೇಳಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ ಎಲ್ಲರಲ್ಲೂ ನನಗೆ ಕಾಣುವುದು ಒಂದೇ ಕೆಲಸ. ಕೊಳ್ಳುವವನ ತಲೆಯ ಮೇಲೊಂದು ಅನುಮಾನದ ಹೊರೆ ಇರುತ್ತದೆ. ದುಡ್ಡು ಹೋದರೆ? ಗುಣವಾಗದಿದ್ದರೆ? ಶುಚಿಯಿಲ್ಲದಿದ್ದರೆ? ಈ ಹೊರೆಯನ್ನು ಮಾತಿನಿಂದ ಇಳಿಸಲು ಆಗುವುದಿಲ್ಲ, ಮಾರುವವನು ತನ್ನ ತಲೆಗೆ ತೆಗೆದುಕೊಳ್ಳಬೇಕು. ನಾಗೇಶ್ವರರಾವ್ ಅದನ್ನು ಪುಕ್ಕಟೆ ಮುಲಾಮಿನ ಖರ್ಚಾಗಿ ಹೊತ್ತರು. ವಿ.ಪಿ. ಕಳಿಸಿದ ಪ್ರಕಾಶಕರು ವಾಪಸು ಬರುವ ಕಟ್ಟಿನ ನಷ್ಟವಾಗಿ ಹೊತ್ತರು. ಮಯ್ಯರು ಅಡುಗೆಮನೆಯನ್ನು ದಿನವೂ ಪರೀಕ್ಷೆಗೆ ಒಡ್ಡುವ ಶ್ರಮವಾಗಿ ಹೊತ್ತರು. ಗಳಗನಾಥರದು ಅಕ್ಷರಶಃ ತಲೆಹೊರೆಯೇ ಆಗಿತ್ತು.

ಹೀಗೆ ಹೊತ್ತದ್ದರ ಫಲ ಹೊತ್ತವರಿಗೇ ಸಿಗುತ್ತದೆ ಎಂದೇನೂ ಇಲ್ಲ. ಹೊಸ ಪೀಳಿಗೆಗೆ ಸಿಗುವುದೂ ಉಂಟು. ಅದಕ್ಕೆ ಧಾರವಾಡದ್ದೇ ಇನ್ನೊಂದು ಉದಾಹರಣೆ ಇದೆ. 1933ರಲ್ಲಿ ಜಿ.ಬಿ. ಜೋಶಿಯವರು ಅಲ್ಲಿ ಮನೋಹರ ಗ್ರಂಥಮಾಲೆಯನ್ನು ಶುರು ಮಾಡಿದರು. ಅದು ನಿಂತದ್ದು ಚಂದಾದಾರರ ಮೇಲೆ. ವರ್ಷದ ಚಂದಾ ಮೊದಲೇ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳು ಬರುತ್ತವೆ. ಯಾವ ಪುಸ್ತಕ, ಯಾರದು ಎಂಬುದು ಹಣ ಕೊಡುವಾಗ ಪೂರ್ತಿ ಗೊತ್ತಿರುವುದಿಲ್ಲ. ಗಮನಿಸಿ, ಇಲ್ಲಿ ಹೊರೆ ತಿರುಗುಮುರುಗಾಗಿದೆ. ಈಗ ಅನುಮಾನವನ್ನು ಹೊತ್ತವನು ಓದುಗ, ಅದೂ ತಾನಾಗಿಯೇ ಒಪ್ಪಿಕೊಂಡು.

ಇದು ಅಪಾಯದ ಏರ್ಪಾಡು. ಜಾಹೀರಾತುಗಳನ್ನು ಗೇಲಿ ಮಾಡಿದ ಅದೇ ಜಾನ್ಸನ್ 1756ರಲ್ಲಿ ಶೇಕ್ಸ್‌ಪಿಯರನ ಸಂಪುಟಗಳನ್ನು ತರುತ್ತೇನೆಂದು ಚಂದಾ ಎತ್ತಿ, ಪುಸ್ತಕ ಕೊಟ್ಟದ್ದು 1765ರಲ್ಲಿ. ಚಂದಾದಾರರನ್ನು ಹೀಗೆ ಕಾಯಿಸಿದ್ದಕ್ಕೆ ಕವಿಯೊಬ್ಬ ಅವನನ್ನು ಪದ್ಯದಲ್ಲೇ ಚುಚ್ಚಿದ. ಓದುಗ ಮುಂಗಡ ಕೊಟ್ಟ ನಂಬಿಕೆಯನ್ನು ವರ್ಷವರ್ಷವೂ ತೀರಿಸುತ್ತಿರಬೇಕು. ಗ್ರಂಥಮಾಲೆ ಅದನ್ನು ತೀರಿಸುತ್ತ ಬಂತು. ಅದರಿಂದ ಆದ ಲಾಭ ಬರೀ ಲೆಕ್ಕದ ಪುಸ್ತಕದ್ದಲ್ಲ. 1961ರಲ್ಲಿ ಹೊಸಬನೊಬ್ಬನ ಮೊದಲ ನಾಟಕ ‘ಯಯಾತಿ’ಯನ್ನು ಅದು ಪ್ರಕಟಿಸಿತು. ಬರೆದ ಗಿರೀಶ ಕಾರ್ನಾಡರು ಆಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹುಡುಗ. ಆ ಹೆಸರನ್ನು ನೋಡಿ ಅಂಗಡಿಯಲ್ಲಿ ಯಾರೂ ಪುಸ್ತಕ ಕೊಳ್ಳುವ ಹಾಗಿರಲಿಲ್ಲ. ಗ್ರಂಥಮಾಲೆಯ ಹೆಸರನ್ನು ನಂಬಿ ಚಂದಾ ಕೊಟ್ಟವರ ಮನೆಗೆ ಹೊಸ ನಾಟಕಕಾರ ತಾನಾಗಿಯೇ ಹೋಗಿ ತಲುಪಿದ. ಒಂದು ಸಣ್ಣ ಉದ್ಯಮ ಕೂಡಿಟ್ಟ ನಂಬಿಕೆ ಸಾಹಿತ್ಯ ಚರಿತ್ರೆಯ ದಿಕ್ಕನ್ನು ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ಪೋಸ್ಟ್‌ಕಾರ್ಡಿನ ಜಾಗಕ್ಕೆ ವಾಟ್ಸ್ಆ್ಯಪ್ ಬಂದಿದೆ. ಮನೆಯಲ್ಲಿ ಸಾರಿನಪುಡಿ ಮಾಡಿ ಮಾರುವವರು, ಕೈಮಗ್ಗದ ಬಟ್ಟೆ ತರುವವರು, ವರ್ಷಕ್ಕೆ ನಾಲ್ಕು ಪುಸ್ತಕ ತರುವ ಪ್ರಕಾಶಕರು ಎಲ್ಲರೂ ಫೇಸ್‌ಬುಕ್ಕಿಗೆ, ಇನ್‌ಸ್ಟಾಗ್ರಾಮಿಗೆ ದುಡ್ಡು ಕಟ್ಟಿ ತಮ್ಮ ಮಾತನ್ನು ಹೆಚ್ಚು ಜನರ ಕಣ್ಣಿಗೆ ಬೀಳಿಸುತ್ತಿದ್ದಾರೆ. ಅದು ತಪ್ಪೇನಲ್ಲ. ಇಂಥ ವಸ್ತು ಇದೆ ಎಂದು ಗೊತ್ತಾಗದೆ ಯಾರೂ ಕೊಳ್ಳಲು ಬರುವುದಿಲ್ಲ. ಆದರೆ ಕಣ್ಣಿಗೆ ಬೀಳುವುದಕ್ಕೂ ನಂಬುವುದಕ್ಕೂ ನಡುವೆ ಇರುವ ದೂರ ಜಾನ್ಸನ್ನನ ಕಾಲದಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಆ ದೂರವನ್ನು ದುಡ್ಡು ಕೊಟ್ಟು ದಾಟಿಸಿಕೊಳ್ಳಲು ದೊಡ್ಡವರಿಗೇ ಕಷ್ಟ, ಸಣ್ಣವರಿಗೆ ಅಸಾಧ್ಯ.

ಸಣ್ಣವರ ಬಳಿ ಇರುವುದು ಬೇರೆಯದು. ಒಂದು ಚಮಚ ಪುಡಿಯನ್ನು ಚೀಟಿಯಲ್ಲಿ ಕಟ್ಟಿ ಕೊಡಬಹುದು. ಪುಸ್ತಕದ ಒಂದು ಅಧ್ಯಾಯವನ್ನು ಎಲ್ಲರೂ ಓದುವ ಹಾಗೆ ತೆರೆದಿಡಬಹುದು. ಹಿಡಿಸದಿದ್ದರೆ ವಾಪಸು ತನ್ನಿ ಎಂದು ಹೇಳಿ, ತಂದಾಗ ಮುಖ ಸಣ್ಣ ಮಾಡದೆ ತೆಗೆದುಕೊಳ್ಳಬಹುದು. ತಾನೇ ಎದುರು ನಿಂತು ಉತ್ತರ ಹೇಳಬಹುದು. ಇದರಲ್ಲಿ ಯಾವುದೂ ಹೊಸ ವಿದ್ಯೆಯಲ್ಲ, ಯಾವುದೂ ಖರ್ಚಿಲ್ಲದೆ ಆಗುವಂಥದ್ದೂ ಅಲ್ಲ. ಆ ಖರ್ಚನ್ನು ಮಾರುವವನು ಮಾಡಿದ್ದಾನೆ ಎಂಬುದು ಗಿರಾಕಿಗೆ ಕಾಣುತ್ತದೆ. ಎಷ್ಟೋ ವ್ಯಾಪಾರಗಳಲ್ಲಿ ಗಿರಾಕಿ ಮೊದಲು ನಂಬುವುದು ಅದನ್ನೇ, ಮಾಲನ್ನು ಆಮೇಲೆ.